20 ವರ್ಷದ ಲೆಕ್ಕ ತಪ್ಪುತ್ತೆ ಅಂತ ಗೊತ್ತಿದ್ದೂ ಮಾಸ್ಟರ್ ಪ್ಲಾನ್ ಯಾಕೆ?

ಓದುಗರ ಪ್ರಶ್ನೆ: “ಇನ್ನು 20 ವರ್ಷಕ್ಕೆ ಊರು ಎಷ್ಟು ಬೆಳೆಯುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಹಿಂದೆ ಮಾಡಿದ ಪ್ಲಾನ್‌ಗಳ ಲೆಕ್ಕವೂ ತಪ್ಪಾಗಿದೆ. ಹಾಗಿದ್ದ ಮೇಲೆ ಊರಾಚೆಯ ಹೊಲಗಳ ಮೇಲೆಲ್ಲ ಈಗಲೇ ಗೆರೆ ಎಳೆಯೋದು ಯಾಕೆ? ಜನ ಬಂದಾಗ ನೋಡಿಕೊಂಡರೆ ಆಗಲ್ವಾ?”

ಆಗಲ್ಲ. ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ಜನ ಬಂದ ಮೇಲೆ ಶಾಲೆ ಕಟ್ಟಬಹುದು. ಆಸ್ಪತ್ರೆ ಕಟ್ಟಬಹುದು. ಕಷ್ಟಪಟ್ಟರೆ ನೀರಿನ ಪೈಪನ್ನೂ ಎಳೆಯಬಹುದು. ಆದರೆ ಮನೆಗಳೆಲ್ಲ ಎದ್ದು ನಿಂತ ಮೇಲೆ ದೊಡ್ಡ ರಸ್ತೆಗೆ ಜಾಗ ಎಲ್ಲಿಂದ ತರೋದು? ಒಡೆದೇ ತರಬೇಕು. ಒಡೆಯೋದು ಅಂದರೆ ಪರಿಹಾರ, ಕೋರ್ಟು, ತಡೆಯಾಜ್ಞೆ, ಅರ್ಧಕ್ಕೆ ನಿಂತ ಕೆಲಸ. ಇದನ್ನೆಲ್ಲ ನೀವೂ ನೋಡಿದ್ದೀರಿ.

ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಪ್ಲಾನ್ ಅಂದರೆ ಮುಂದೆ ಏನಾಗುತ್ತೆ ಅಂತ ಹೇಳೋದು, ಹೇಳಿದ್ದು ಸುಳ್ಳಾದರೆ ಪ್ಲಾನೂ ಸುಳ್ಳು ಅನ್ನೋ ನಂಬಿಕೆ. ಓದಿದವರೂ ಹೀಗೇ ಮಾತಾಡುತ್ತಾರೆ. “ಜನಸಂಖ್ಯೆ ಇಷ್ಟಾಗುತ್ತೆ ಅಂದಿದ್ದರು, ಅದರ ಎರಡರಷ್ಟಾಯ್ತು, ನೋಡಿ ಪ್ಲಾನ್ ಫೇಲು” ಅನ್ನುತ್ತಾರೆ. ಆದರೆ ಪ್ಲಾನಿನ ಕೆಲಸ ಅದಲ್ಲ. ಸಸಿ ನೆಡುವವರು ಎರಡು ಸಸಿಗಳ ನಡುವೆ ಮಾರುಗಟ್ಟಲೆ ಜಾಗ ಬಿಡುತ್ತಾರೆ, ಅಲ್ವಾ? ಯಾವ ಮರ ಎಷ್ಟು ಕಾಯಿ ಬಿಡುತ್ತದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಆಮೇಲೆ ಮರವನ್ನು ಎತ್ತಿ ಪಕ್ಕಕ್ಕಿಡಲು ಆಗಲ್ಲ ಅನ್ನೋದು ಮಾತ್ರ ಗೊತ್ತಿರುತ್ತದೆ. ಪ್ಲಾನ್ ಮಾಡುವವರಿಗೂ ಅಷ್ಟು ಗೊತ್ತಿದ್ದರೆ ಸಾಕು.

ಲೆಕ್ಕ ಪೂರ್ತಿ ತಪ್ಪಿಯೂ ಗೆದ್ದ ಪ್ಲಾನ್ ಒಂದಿದೆ. 1811ರ ನ್ಯೂಯಾರ್ಕ್. ಆಗ ಅಲ್ಲಿನ ಜನಸಂಖ್ಯೆ ಒಂದು ಲಕ್ಷದ ಒಳಗೆ. ಊರೆಲ್ಲ ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಲ್ಲಿತ್ತು. ಅದರಾಚೆ ಹೊಲ, ಬಂಡೆ, ಜೌಗು. ಸರ್ಕಾರ ನೇಮಿಸಿದ ಮೂವರು ಕಮಿಷನರ್‌ಗಳು ಆ ಹೊಲಗಳ ಮೇಲೆ ಉದ್ದಕ್ಕೆ 12 ಅವೆನ್ಯೂ, ಅಡ್ಡಕ್ಕೆ 155 ಬೀದಿಗಳ ಗೆರೆ ಎಳೆದರು. ಅವೆನ್ಯೂಗಳಿಗೆ 100 ಅಡಿ, ಹೆಚ್ಚಿನ ಬೀದಿಗಳಿಗೆ 60 ಅಡಿ ಅಗಲ. ಇಷ್ಟೊಂದು ಜಾಗ ಬಿಟ್ಟಿದ್ದಕ್ಕೆ ಜನ ನಗಬಹುದು ಅಂತ ಅವರೇ ತಮ್ಮ ವರದಿಯಲ್ಲಿ ಬರೆದುಕೊಂಡಿದ್ದಾರೆ.

ಜಮೀನಿನವರು ನಗಲಿಲ್ಲ, ಸಿಟ್ಟಾದರು. ಸರ್ವೆಯರ್ ಜಾನ್ ರಾಂಡೆಲ್ ನೆಟ್ಟ ಗೂಟಗಳನ್ನು ಕಿತ್ತರು. ಹೊಲಕ್ಕೆ ನುಗ್ಗಿದ ಅಂತ ದೂರು ಕೊಟ್ಟು ಅವನನ್ನು ಬಂಧಿಸಿದ್ದೂ ಉಂಟು. ಆದರೂ ಅವನು ಬಿಡಲಿಲ್ಲ. ಮುಂದೆ ಬೀದಿಗಳು ಸೇರುವ ಮೂಲೆ ಮೂಲೆಗೂ ಬೀದಿಯ ನಂಬರ್ ಕೆತ್ತಿದ ಅಮೃತಶಿಲೆಯ ಕಲ್ಲು ನೆಟ್ಟ. ಒಂದೂವರೆ ಸಾವಿರಕ್ಕೂ ಹೆಚ್ಚು ಕಲ್ಲುಗಳು. ಬಂಡೆ ಸಿಕ್ಕಲ್ಲಿ ಕಬ್ಬಿಣದ ಬೋಲ್ಟ್ ಹೊಡೆದ. ಸುತ್ತ ಬರೀ ಹೊಲ, ಮಧ್ಯದಲ್ಲಿ ಬೀದಿ ನಂಬರಿನ ಕಲ್ಲು. ಮನೆಗಳು ಬರುವ ಹೊತ್ತಿಗೆ ರಸ್ತೆ ಎಲ್ಲಿ ಅನ್ನುವ ತಕರಾರೇ ಉಳಿದಿರಲಿಲ್ಲ.

ಇನ್ನು ಅವರ ಲೆಕ್ಕ ಏನಾಯಿತು ನೋಡಿ. 50 ವರ್ಷದಲ್ಲಿ 4 ಲಕ್ಷ ಜನ ಆಗಬಹುದು ಅಂದುಕೊಂಡಿದ್ದರು. 1860ರಲ್ಲಿ 8 ಲಕ್ಷ ದಾಟಿತು. ದ್ವೀಪದ ಉತ್ತರ ಭಾಗದಲ್ಲಿರುವ ಹಾರ್ಲೆಮ್‌ನಿಂದ ಆಚೆಗೆ ಶತಮಾನಗಳವರೆಗೆ ಮನೆ ಬರುವುದಿಲ್ಲ ಅಂದಿದ್ದರು. ನೂರು ವರ್ಷದಲ್ಲೇ ಬಂತು. ಲಿಫ್ಟ್, ಸುರಂಗದ ರೈಲು, ಕಾರು, ಮುಗಿಲು ಮುಟ್ಟುವ ಕಟ್ಟಡ, ಒಂದೂ ಅವರ ಕಲ್ಪನೆಯಲ್ಲಿ ಇರಲಿಲ್ಲ. ಆದರೆ ಅವೆಲ್ಲ ಬಂದು ಕೂತಿದ್ದು ಅವರು ಬಿಟ್ಟ ಜಾಗದಲ್ಲೇ. ಈಗ ಹೇಳಿ, ಪ್ಲಾನ್ ಫೇಲಾ?

ಅವರದ್ದು ಎಲ್ಲವೂ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಸುತ್ತ ನೀರಿದೆ, ಗಾಳಿ ಬರುತ್ತೆ ಅಂತ ದೊಡ್ಡ ಪಾರ್ಕ್‌ಗೆ ಜಾಗ ಬಿಡಲಿಲ್ಲ. 1853ರಲ್ಲಿ ಸೆಂಟ್ರಲ್ ಪಾರ್ಕ್ ಬೇಕು ಅಂತ ತೀರ್ಮಾನವಾದಾಗ ಅಲ್ಲಿದ್ದ ಸುಮಾರು 1,600 ಜನರನ್ನು ಎಬ್ಬಿಸಬೇಕಾಯಿತು. ಕಪ್ಪು ಜನರು ಸ್ವಂತ ಮನೆ, ಚರ್ಚು ಕಟ್ಟಿಕೊಂಡು ಬದುಕಿದ್ದ ಸೆನೆಕಾ ವಿಲೇಜ್ ಅನ್ನೋ ಊರೇ ಅಳಿಸಿಹೋಯಿತು. ಮೊದಲೇ ಬಿಡದ ಜಾಗವನ್ನು ಆಮೇಲೆ ಪಡೆಯುವುದು ಅಂದರೆ ಇದು. ಅದರ ಪೆಟ್ಟು ಬೀಳೋದು ಯಾವಾಗಲೂ ಬಲ ಇಲ್ಲದವರ ಮೇಲೆ.

“ಆಮೇಲೆ ನೋಡೋಣ” ಅನ್ನುವವರು ಲಂಡನ್ನಿನ ಕಥೆಯನ್ನೂ ಕೇಳಬೇಕು. 1666ರ ಬೆಂಕಿಯಲ್ಲಿ ಅಲ್ಲಿ 13,000ಕ್ಕೂ ಹೆಚ್ಚು ಮನೆ ಸುಟ್ಟವು. ಊರಿನ ನಡುಭಾಗ ಬಯಲಾಯಿತು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೆಲವೇ ದಿನಗಳಲ್ಲಿ ಅಗಲ ಬೀದಿಗಳ ಹೊಸ ನಕ್ಷೆ ಕೊಟ್ಟ. ನಡೆಯಲಿಲ್ಲ. ಮನೆ ಸುಟ್ಟಿತ್ತು, ನಿಜ. ಆದರೆ ಯಾರ ಜಾಗ ಎಲ್ಲಿಂದ ಎಲ್ಲಿವರೆಗೆ ಅನ್ನೋದು ಸುಟ್ಟಿರಲಿಲ್ಲ. ಕೆಲವು ಬೀದಿ ಅಗಲವಾದವು, ಒಂದೆರಡು ಹೊಸದಾಗಿ ಬಂದವು. ಉಳಿದ ಊರು ಹೆಚ್ಚುಕಡಿಮೆ ಹಳೇ ಗೆರೆಗಳ ಮೇಲೇ ಎದ್ದಿತು. ಕಟ್ಟಡಕ್ಕೆ ಆಯಸ್ಸು ಇದೆ. ಸೈಟಿನ ಗಡಿಗೆ ಇಲ್ಲ.

ಅದಕ್ಕೇ ನಾನು ಕೇಳಿದವರಿಗೆಲ್ಲ ಒಂದೇ ಮಾತು ಹೇಳೋದು. ಪ್ಲಾನಿನ ನಕ್ಷೆ ಕೈಗೆ ಸಿಕ್ಕಿದ ಕೂಡಲೇ ಬಣ್ಣ ನೋಡಬೇಡಿ, ಗೆರೆ ನೋಡಿ. ಇಲ್ಲಿ ವಸತಿ, ಇಲ್ಲಿ ವಾಣಿಜ್ಯ, ಇಲ್ಲಿ ಕೈಗಾರಿಕೆ ಅನ್ನೋ ಬಣ್ಣಗಳು ಬದಲಾಗುತ್ತವೆ, ಬದಲಾಗಲೂಬೇಕು. ಪ್ಲಾನನ್ನು ಆಗಾಗ ಪರಿಷ್ಕರಿಸೋದು ಅದಕ್ಕೇ. ಬಾರ್ಸಿಲೋನಾದಲ್ಲಿ 1859ರ ಪ್ಲಾನ್ ಮಾಡಿದ ಸೆರ್ದಾ, ಪ್ರತಿ ಬ್ಲಾಕಿನ ಎರಡೇ ಬದಿ ಮನೆ, ನಡುವೆ ತೋಟ ಅಂದಿದ್ದ. ಜನ ನಾಲ್ಕೂ ಬದಿ ಕಟ್ಟಿದರು, ತೋಟವನ್ನೂ ಮುಚ್ಚಿದರು. ಅವನ ಬಣ್ಣ ಹೋಯಿತು, 20 ಮೀಟರ್ ಬೀದಿಯ ಗೆರೆ ಉಳಿಯಿತು. ಕುದುರೆ ಗಾಡಿ, ಟ್ರಾಮ್, ಕಾರು ಎಲ್ಲ ಅದರಲ್ಲೇ ಓಡಿದವು. ಈಚೆಗೆ ಅದೇ ಬೀದಿಗಳಲ್ಲಿ ಕೆಲವನ್ನು ಕಾರಿನಿಂದ ಬಿಡಿಸಿ ಮರ, ಬೆಂಚು ಹಾಕಿದ್ದಾರೆ. ಜಾಗ ಇತ್ತು, ಅದಕ್ಕೇ ಮನಸ್ಸು ಬದಲಾಯಿಸಲು ಆಯಿತು.

ಗೆರೆಗೆ ಎಷ್ಟು ಜಮೀನು ಹೋಗುತ್ತೆ ಅನ್ನೋ ಭಯ ಇರುವವರು ಈ ಲೆಕ್ಕ ಮಾಡಿ. ಊರಾಚೆಗೆ ಕಿಲೋಮೀಟರಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ 30 ಮೀಟರ್ ಅಗಲದ ರಸ್ತೆಗೆ ಜಾಗ ಇಟ್ಟಿರಿ ಅಂದುಕೊಳ್ಳಿ. ಒಂದು ಚದರ ಕಿಲೋಮೀಟರಿನ ಪಾಲಿಗೆ ಉದ್ದದ ರಸ್ತೆ ಒಂದು, ಅಡ್ಡ ರಸ್ತೆ ಒಂದು. ಎರಡೂ ಸೇರಿ ಹೋಗೋದು ನೂರಕ್ಕೆ ಆರು ಭಾಗ. ಇಷ್ಟಕ್ಕೇ ಯಾವ ಮನೆಯೂ ಬಸ್ ರಸ್ತೆಯಿಂದ ನೇರ ದೂರದಲ್ಲಿ 500 ಮೀಟರಿಗಿಂತ ಜಾಸ್ತಿ ಆಚೆ ಇರುವುದಿಲ್ಲ. ದೊಡ್ಡ ಪೈಪು, ಒಳಚರಂಡಿ ಎಲ್ಲ ಅದರ ಕೆಳಗೇ ಹೋಗುತ್ತದೆ. ಶ್ಲೋಮೊ ಏಂಜಲ್ ಅನ್ನೋ ನಗರತಜ್ಞರು ವರ್ಷಗಟ್ಟಲೆ ಹೇಳುತ್ತಾ ಬಂದಿರೋದೂ ಇದನ್ನೇ: ಬೆಳೆಯುವ ಊರಿಗೆ ಮೊದಲು ಜಾಗ ಗುರುತಿಸಿ, ರಸ್ತೆಗೆ ಡಾಂಬರು ಆಮೇಲೆ ಹಾಕಿ. ನೀರು ಹರಿಯುವ ಹಳ್ಳ, ತಗ್ಗು, ಕೆರೆಯಂಗಳಕ್ಕೂ ಇದೇ ಮಾತು. ಅಲ್ಲಿ ಮನೆ ಕಟ್ಟಿದರೂ ಮಳೆ ಬಂದಾಗ ನೀರು ಹಳೇ ದಾರಿಯಲ್ಲೇ ಬರುತ್ತದೆ.

ಗೆರೆ ಅಂದರೆ ಊರು ಬೆಳೆಯದಂತೆ ಹಾಕುವ ಬೇಲಿಯೂ ಅಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ 1979ರಲ್ಲಿ ಊರಿನ ಸುತ್ತ ಬೆಳವಣಿಗೆಯ ಗಡಿ ಹಾಕಿಕೊಂಡಿತು. ಅಲ್ಲೂ 20 ವರ್ಷಕ್ಕೆ ಸಾಕಾಗುವಷ್ಟು ಜಾಗ ಗಡಿಯೊಳಗೆ ಇರಬೇಕು ಅಂತ ಕಾನೂನಿದೆ. ಕೆಲವು ವರ್ಷಕ್ಕೊಮ್ಮೆ ಲೆಕ್ಕ ನೋಡಿ, ಬೇಕಾದರೆ ಗಡಿ ಮುಂದಕ್ಕೆ ಸರಿಸುತ್ತಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆಗೆ ಬರಲೇಬೇಕು. ಇದನ್ನು ಯಾರೂ ಬಾಯಿಬಿಟ್ಟು ಕೇಳಲ್ಲ. ಆ ಗೆರೆ ನನ್ನ ಹೊಲದ ಮೇಲೇ ಯಾಕೆ ಬೀಳಬೇಕು? ಪಕ್ಕದವನ ಜಮೀನಿಗೆ ರಸ್ತೆಯ ಲಾಭ, ನನ್ನ ಜಮೀನಿಗೆ ಬರೀ ನಷ್ಟ. ಇದು ನ್ಯಾಯವಾದ ಸಿಟ್ಟು. ಪ್ಲಾನ್‌ಗಳು ಕಾಗದದಲ್ಲೇ ಉಳಿಯೋಕೆ ಇದೂ ಒಂದು ದೊಡ್ಡ ಕಾರಣ.

ಇದಕ್ಕೆ ಉತ್ತರ ನೂರು ವರ್ಷದಿಂದಲೂ ಇದೆ: ಎಲ್ಲರ ಜಮೀನನ್ನೂ ಒಟ್ಟುಗೂಡಿಸಿ ಮತ್ತೆ ಹಂಚೋದು. ಜರ್ಮನಿಯ ಫ್ರಾಂಕ್‌ಫರ್ಟ್‌ಗೆ 1902ರಲ್ಲೇ ಇಂಥ ಕಾನೂನು ಬಂತು. ಜಪಾನಿನ ನಗರ ಪ್ರದೇಶದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಎದ್ದಿದ್ದು ಹೀಗೇ. ಅಹಮದಾಬಾದ್‌ನಲ್ಲಿ ಇದನ್ನು ಟಿಪಿ (ಟೌನ್ ಪ್ಲಾನಿಂಗ್) ಸ್ಕೀಮ್ ಅನ್ನುತ್ತಾರೆ. ಅಕ್ಕಪಕ್ಕದ ಜಮೀನುಗಳನ್ನೆಲ್ಲ ನಕ್ಷೆಯಲ್ಲಿ ಒಟ್ಟುಗೂಡಿಸುತ್ತಾರೆ. ರಸ್ತೆ, ಪಾರ್ಕು, ಶಾಲೆಗೆ ಎಷ್ಟು ಬೇಕೋ ಅಷ್ಟನ್ನು ಎಲ್ಲರ ಪಾಲಿನಿಂದಲೂ ಕಡಿಮೆ ಮಾಡುತ್ತಾರೆ. ಉಳಿದದ್ದನ್ನು ಚೌಕಾಕಾರದ, ರಸ್ತೆಗೆ ಮುಖವಿರುವ ಸೈಟುಗಳನ್ನಾಗಿ ಹಳೇ ಮಾಲೀಕರಿಗೇ ಹಿಂದಿರುಗಿಸುತ್ತಾರೆ. ಜಮೀನು ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ. ಒಬ್ಬನೇ ಪೂರ್ತಿ ಕಳೆದುಕೊಳ್ಳುವುದಿಲ್ಲ. ಅಲ್ಲಿನ ರಿಂಗ್ ರೋಡಿಗೆ ಜಾಗದ ದೊಡ್ಡ ಪಾಲು ಸಿಕ್ಕಿದ್ದು ಹೀಗೇ.

ಆದರೆ ಇದರಲ್ಲಿ ಪಾಲು ಸಿಗೋದು ಜಮೀನಿನ ಪತ್ರ ಇರುವವರಿಗೆ ಮಾತ್ರ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರಿಗೆ ಸೈಟು ಬರುವುದಿಲ್ಲ. ಗುಜರಾತಿನ 1976ರ ಕಾನೂನು, ಬಡವರ ಮನೆಗಳಿಗಾಗಿ ಸ್ಕೀಮಿನ ಶೇ 10ರವರೆಗೆ ಜಾಗ ಇಡಲು ಅವಕಾಶ ಕೊಟ್ಟಿದೆ. ನಿಮ್ಮ ಕಡೆ ಕರಡು ಪ್ಲಾನ್ ಪ್ರಕಟವಾಗಿ ಆಕ್ಷೇಪಣೆ ಕರೆದಾಗ, ನಿಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಅಂತ ಹುಡುಕುವ ಮುಂಚೆ ಮೂರು ವಿಷಯ ನೋಡಿ: ದೊಡ್ಡ ರಸ್ತೆಗಳ ಗೆರೆ ಎಲ್ಲಿ ಹೋಗಿದೆ, ಹಳ್ಳದ ದಾರಿ ಬಿಟ್ಟಿದ್ದಾರಾ, ಜಮೀನಿಲ್ಲದವರಿಗೆ ಎಲ್ಲಿ ಜಾಗ ಇಟ್ಟಿದ್ದಾರೆ. ಮೂರರಲ್ಲಿ ಯಾವುದು ಕಾಣದಿದ್ದರೂ ಆಕ್ಷೇಪಣೆಯನ್ನು ಬರಹದಲ್ಲಿ, ಕೊನೆಯ ದಿನಾಂಕದೊಳಗೆ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.