ನೆಟ್ ನ್ಯೂಟ್ರಾಲಿಟಿ: ದರದ ನಿಯಮ ಬೇರೆ, ವೇಗದ ನಿಯಮ ಬೇರೆ

ನೆಟ್ ನ್ಯೂಟ್ರಾಲಿಟಿ ಎಂದರೆ, ಇಂಟರ್ನೆಟ್ ಕೊಡುವ ಕಂಪನಿಯು ತನ್ನ ಜಾಲದಲ್ಲಿ ಹರಿಯುವ ಡೇಟಾವನ್ನೆಲ್ಲ ಒಂದೇ ರೀತಿ ಕಾಣಬೇಕು. ಈ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಈ ಪದವನ್ನು ಬಳಕೆಗೆ ತಂದರು ಎಂಬುದೂ ಗೊತ್ತಿರುತ್ತದೆ. ಎಡವುವುದು ಆಮೇಲೆ, ಒಂದು ರೀಚಾರ್ಜ್ ಪ್ಯಾಕ್ ಮುಂದಿಟ್ಟು "ಇದು ನಿಯಮ ಮೀರಿದೆಯೇ?" ಎಂದು ಕೇಳಿದಾಗ. ಭಾರತದಲ್ಲಿ ಇದಕ್ಕೆಂದು ಒಂದೇ ಕಾನೂನಿಲ್ಲ, ಎರಡು ದಾಖಲೆಗಳಿವೆ. ಯಾವುದರ ಕೆಳಗೆ ನೋಡಬೇಕೆಂದು ಮೊದಲು ತೀರ್ಮಾನಿಸಿಕೊಳ್ಳಿ.

ಒಂದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರುವರಿ 8ರಂದು ಹೊರಡಿಸಿದ ತಾರತಮ್ಯದ ಡೇಟಾ ದರ ನಿಷೇಧ ನಿಯಮಾವಳಿ. ಇದು ಮಾತಾಡುವುದು ದುಡ್ಡಿನ ಬಗ್ಗೆ ಮಾತ್ರ. ಇನ್ನೊಂದು, ಟ್ರಾಯ್ 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸಿನ ಮೇಲೆ ದೂರಸಂಪರ್ಕ ಇಲಾಖೆ 2018ರಲ್ಲಿ ಕಂಪನಿಗಳ ಪರವಾನಗಿಗೆ ಸೇರಿಸಿದ ಷರತ್ತು. ತಡೆಯುವುದು, ನಿಧಾನ ಮಾಡುವುದು, ಕೆಲವಕ್ಕೆ ಮಾತ್ರ ಹೆಚ್ಚು ವೇಗ ಕೊಡುವುದು ಇದರ ಪಾಲಿಗೆ ಬರುತ್ತವೆ. ಅಮೆರಿಕದಲ್ಲಿ 2015ರಲ್ಲಿ ಬಂದು, 2017ರಲ್ಲಿ ಹೋಗಿ, 2024ರಲ್ಲಿ ಮತ್ತೆ ಬಂದು, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದ ನಿಯಮಗಳಿಗೂ ಇವಕ್ಕೂ ಸಂಬಂಧವಿಲ್ಲ. ಅಮೆರಿಕದ್ದನ್ನೂ ನಮ್ಮದನ್ನೂ ಕಲಸಬೇಡಿ.

ಹಿನ್ನೆಲೆ, ಚುಟುಕಾಗಿ

2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗಳಿಗೆ ಬೇರೆ ದರ ಘೋಷಿಸಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. 2015ರ ಮಾರ್ಚ್‌ನಲ್ಲಿ ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿದಾಗ ಜನ ಕಳಿಸಿದ ಇಮೇಲ್‌ಗಳು 10 ಲಕ್ಷಕ್ಕೂ ಹೆಚ್ಚು. ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್, ಡೇಟಾದ ದುಡ್ಡನ್ನು ಆ್ಯಪ್ ಕಂಪನಿಯೇ ಕೊಟ್ಟು ಗ್ರಾಹಕರಿಗೆ ಉಚಿತ ಮಾಡುವ 'ಏರ್‌ಟೆಲ್ ಜೀರೊ' ಯೋಜನೆಯಿಂದ ಹೊರನಡೆಯಿತು. ವರ್ಷದ ಕೊನೆಗೆ ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ವಿರುದ್ಧ ಐಐಟಿಗಳ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಪ್ರಾಧ್ಯಾಪಕರು ಜಂಟಿ ಹೇಳಿಕೆ ಕೊಟ್ಟರು. 2016ರ ನಿಯಮಾವಳಿ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಉಚಿತವಾಗಿ ಕೊಟ್ಟರೆ ತಪ್ಪೇನು?

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ಕೆಲವು ತಾಣಗಳನ್ನು ಉಚಿತವಾಗಿ ಕೊಟ್ಟಾಗ ಯಾವ ತಾಣವೂ ನಿಧಾನವಾಗಿಲ್ಲ, ಯಾವುದನ್ನೂ ತಡೆದಿಲ್ಲ. ಹಾಗಿದ್ದರೆ ತಾರತಮ್ಯ ನಡೆದದ್ದು ಎಲ್ಲಿ? ಮೀಟರಿನಲ್ಲಿ.

4ಜಿ ಜಾಲದಲ್ಲಿ ನಿಮ್ಮ ಡೇಟಾ ಟವರ್ ದಾಟಿ, ಕಂಪನಿಯ ಪ್ಯಾಕೆಟ್ ಗೇಟ್‌ವೇ ಮೂಲಕ ಹೊರಗಿನ ಅಂತರ್ಜಾಲಕ್ಕೆ ಹೋಗುತ್ತದೆ. ಬಿಲ್ಲಿಗೆ ಬೇಕಾದ ಅಳತೆ ನಡೆಯುವುದು ಆ ಗೇಟ್‌ವೇಯಲ್ಲಿ. ಅದು ಪ್ರತಿ ಹರಿವಿಗೂ ರೇಟಿಂಗ್ ಗ್ರೂಪ್ ಎಂಬ ಒಂದು ಸಂಖ್ಯೆ ಹಚ್ಚುತ್ತದೆ. ಚಾರ್ಜಿಂಗ್ ವ್ಯವಸ್ಥೆ ಆ ಸಂಖ್ಯೆ ನೋಡಿ ನಿಮ್ಮ ಕೋಟಾದಿಂದ ಕಳೆಯುತ್ತದೆ. ಎಲ್ಲಕ್ಕೂ ಒಂದೇ ಸಂಖ್ಯೆ ಇದ್ದರೆ ಮೀಟರು ಕುರುಡು: ಎಷ್ಟು ಎಂಬುದು ಮಾತ್ರ ಅದಕ್ಕೆ ಗೊತ್ತು, ಏನು ಎಂಬುದು ಗೊತ್ತಿಲ್ಲ. ಒಂದು ತಾಣವನ್ನು ಉಚಿತ ಮಾಡಬೇಕಾದರೆ ಅದರ ಹರಿವಿಗೆ ಬೇರೆ ಸಂಖ್ಯೆ ಕೊಟ್ಟು, ಆ ಸಂಖ್ಯೆಗೆ ದರ ಸೊನ್ನೆ ಎಂದು ಬರೆಯಬೇಕು. ಅಂದರೆ ಮೀಟರಿಗೆ ಕಣ್ಣು ಕೊಡಬೇಕು.

ಆ ಕಣ್ಣಿಗೆ ಕಾಣುವುದೇನು? ಎಚ್‌ಟಿಟಿಪಿಎಸ್‌ನಲ್ಲಿ ಒಳಗಿನ ವಿಷಯ ಗೂಢಲಿಪಿಯಲ್ಲಿದ್ದರೂ, ಸಂಪರ್ಕ ಶುರುವಾಗುವಾಗ ಫೋನು ಕಳಿಸುವ ಮೊದಲ ಸಂದೇಶದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಓದಲು ಬರುವಂತೆಯೇ ಇರುತ್ತದೆ. ಗೇಟ್‌ವೇ ಅದನ್ನು ಓದಿ ಉಚಿತ ತಾಣಗಳ ಪಟ್ಟಿಯೊಡನೆ ಹೋಲಿಸುತ್ತದೆ. ಉಚಿತ ಪುಟದೊಳಗಿನ ಚಿತ್ರವೊಂದು ಬೇರೆ ಸರ್ವರ್‌ನಿಂದ ಬಂದರೆ ಪಟ್ಟಿಯಲ್ಲಿ ಆ ಹೆಸರಿಲ್ಲ, ದುಡ್ಡು ಕಡಿತ. ವಿಪಿಎನ್ (ಡೇಟಾವನ್ನು ಮರೆಮಾಡಿ ಮಧ್ಯದ ಒಂದು ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಹಾಕಿದರೆ ಕಾಣುವುದು ವಿಪಿಎನ್ ಸರ್ವರ್ ಒಂದೇ, ಮತ್ತೆ ಕಡಿತ.

ಈಗ ಲೆಕ್ಕ. 1 ಜಿಬಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ, ಒಂದು ಪಾಠದ ವಿಡಿಯೊ 300 ಎಂಬಿ, ತಿಂಗಳಿಗೆ 30 ಪಾಠ. ಒಟ್ಟು 9 ಜಿಬಿ.

ಪಟ್ಟಿಯಲ್ಲಿರುವ ದೊಡ್ಡ ತಾಣದಲ್ಲಿ ನೋಡಿದರೆ 0 ರೂಪಾಯಿ.
ಪಟ್ಟಿಯಲ್ಲಿಲ್ಲದ ಸಣ್ಣ ಕನ್ನಡ ತಾಣದಲ್ಲಿ ನೋಡಿದರೆ 90 ರೂಪಾಯಿ.

ಎರಡರ ವೇಗವೂ ಒಂದೇ, ಪಾಠದ ಗುಣವೂ ಒಂದೇ ಇರಬಹುದು. ಸಣ್ಣ ತಾಣದವರು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಆ 90 ರೂಪಾಯಿಯನ್ನು ಅಳಿಸಲಾರರು. ಅದು ಹುಟ್ಟಿದ್ದು ಅವರ ಅಂಗಡಿಯಲ್ಲಲ್ಲ, ದಾರಿಯ ಸುಂಕದ ಕಟ್ಟೆಯಲ್ಲಿ.

ಇದೇ 90 ರೂಪಾಯಿಯನ್ನು ಕಂಪನಿ ಇನ್ನೊಂದು ಬಗೆಯಲ್ಲಿ ಕೊಡಬಹುದು: ಎಲ್ಲ ವಿದ್ಯಾರ್ಥಿಗಳಿಗೂ 9 ಜಿಬಿ ಉಚಿತ, ಎಲ್ಲಿ ಬೇಕಾದರೂ ಖರ್ಚು ಮಾಡಿ. ಈ ನಮ್ಮ ಲೆಕ್ಕದ ದರದಲ್ಲಿ ಉಚಿತದ ಬೆಲೆ ಅಷ್ಟೇ, ಆಯ್ಕೆ ಮಾತ್ರ ವಿದ್ಯಾರ್ಥಿಯದು. ಇದಕ್ಕೆ ಅಡ್ಡಿಯಿಲ್ಲ. ಇಡೀ ಅಂತರ್ಜಾಲ ತೆರೆದಿರುವ ಉಚಿತ ಡೇಟಾವನ್ನು 2016ರ ನಿಯಮಾವಳಿ ನಿಷೇಧಿಸಿಲ್ಲ. 'ಬಡವರಿಗೆ ಉಚಿತ ಕೊಡುವುದನ್ನು ತಡೆದರು' ಎಂಬ ವಾದಕ್ಕೆ ನನ್ನ ಮಟ್ಟಿಗೆ ಇದೊಂದೇ ಉತ್ತರ ಸಾಕು.

ಒಂದೇ ಪ್ರಶ್ನೆಯ ಪರೀಕ್ಷೆ

ಯಾವ ಪ್ಯಾಕ್ ಬಂದರೂ ಕೇಳಿ: ಒಳಗಿರುವ ವಿಷಯ ಬದಲಾದರೆ ದರ ಬದಲಾಗುತ್ತದೆಯೇ?

ರಾತ್ರಿ ಪ್ಯಾಕ್: ಗಂಟೆ ನೋಡಿ ದರ, ವಿಷಯ ನೋಡಿ ಅಲ್ಲ. ಸರಿ.
'ಈ ಆ್ಯಪ್‌ಗೆ ಮಾತ್ರ 1 ಜಿಬಿ': ತಪ್ಪು.
ರೀಚಾರ್ಜ್ ಜೊತೆ ಒಟಿಟಿ ಚಂದಾ ಉಚಿತ: ನೋಡುವಾಗ ಡೇಟಾ ಎಂದಿನಂತೆ ಕಡಿತವಾಗುತ್ತಿದ್ದರೆ ಅದು ಡೇಟಾ ದರವಲ್ಲ, ಚಂದಾದ ಬೆಲೆ. ನಿಯಮಕ್ಕೆ ಬರುವುದಿಲ್ಲ.
ದಿನದ 1.5 ಜಿಬಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದರೆ: ಇದು ವೇಗದ ಮಾತು, 2018ರ ಷರತ್ತಿಗೆ ಹೋಗಿ. ಎಲ್ಲ ತಾಣಕ್ಕೂ ಒಂದೇ ಇಳಿತವಾದ್ದರಿಂದ ಉಲ್ಲಂಘನೆಯಿಲ್ಲ.

ದರದ ನಿಯಮಕ್ಕೆ ಎರಡು ವಿನಾಯಿತಿ: ತುರ್ತು ಸೇವೆ (7 ಕೆಲಸದ ದಿನಗಳೊಳಗೆ ಟ್ರಾಯ್‌ಗೆ ವರದಿ ಮಾಡಬೇಕು) ಮತ್ತು ಅಂತರ್ಜಾಲಕ್ಕೆ ಹೋಗದ ಮುಚ್ಚಿದ ಜಾಲ. ಎರಡನೆಯದನ್ನು ನಿಷೇಧ ತಪ್ಪಿಸಿಕೊಳ್ಳಲು ಬಳಸುವಂತಿಲ್ಲ. ದಂಡ ದಿನಕ್ಕೆ 50,000 ರೂಪಾಯಿ, ಮಿತಿ 50 ಲಕ್ಷ. ಭಾಗಿಸಿ ನೋಡಿ, 100 ದಿನಕ್ಕೆ ಮಿತಿ ಮುಟ್ಟಿತು. ದೊಡ್ಡ ಕಂಪನಿಗೆ ಇದು ಭಾರವೇ ಅಲ್ಲ. ನಿಜವಾದ ಹಲ್ಲಿರುವುದು ಪ್ಯಾಕನ್ನೇ ಹಿಂತೆಗೆಸುವ ಅಧಿಕಾರದಲ್ಲಿ.

ವೇಗದ ಷರತ್ತು

ದಟ್ಟಣೆ ನಿರ್ವಹಣೆಗೆ ಅವಕಾಶವಿದೆ, ಆದರೆ ಅದು ಅಗತ್ಯಕ್ಕೆ ತಕ್ಕಷ್ಟಿರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ನಿರ್ದಿಷ್ಟ ಗುಣಮಟ್ಟ ಬೇಡುವ ವಿಶೇಷ ಸೇವೆಗಳು ಹೊರಗೆ. ಸಿಡಿಎನ್, ಅಂದರೆ ಬಳಕೆದಾರರ ಹತ್ತಿರವೇ ಪ್ರತಿ ಇಟ್ಟುಕೊಳ್ಳುವ ಸರ್ವರ್ ಜಾಲವೂ ಹೊರಗೆ. ದುಡ್ಡಿರುವವರು ವೇಗ ಕೊಳ್ಳಲು ಉಳಿದಿರುವ ದಾರಿ ಇದೇ; ಷರತ್ತಿನ ಸಡಿಲ ಜಾಗ ಇದು. ಸರ್ಕಾರ ಐಟಿ ಕಾಯ್ದೆಯ 69ಎ ಕಲಮಿನಡಿ ತಾಣ ನಿರ್ಬಂಧಿಸುವುದು ಬೇರೆ ಅಧ್ಯಾಯ.

ನಿಧಾನ ಮಾಡುತ್ತಿದ್ದಾರೆಯೇ ಎಂದು ಅಳೆಯುವುದು

ಒಂದು ಸ್ಪೀಡ್ ಟೆಸ್ಟ್‌ನಿಂದ ಏನೂ ತಿಳಿಯದು, ಅದರ ಸರ್ವರ್ ಕಂಪನಿಯ ಜಾಲದೊಳಗೇ ಇರಬಹುದು. ನೆಟ್‌ಫ್ಲಿಕ್ಸ್ ಸರ್ವರ್‌ಗಳಿಂದಲೇ ಅಳೆಯುವ ಫಾಸ್ಟ್ ಡಾಟ್ ಕಾಮ್ ಜೊತೆ ಹೋಲಿಸಿ. ಇನ್ನೂ ಖಚಿತ ಬೇಕೆಂದರೆ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ 'ವೆಹೆ' ಆ್ಯಪ್ ಇದೆ. ಅದು ಒಂದು ಆ್ಯಪ್‌ನ ಹರಿವನ್ನು ಮೊದಲೇ ದಾಖಲಿಸಿಟ್ಟು ಎರಡು ಬಾರಿ ಹರಿಸುತ್ತದೆ: ಒಮ್ಮೆ ಇದ್ದಂತೆ, ಒಮ್ಮೆ ಗುರುತು ಸಿಗದಂತೆ ಬಿಟ್‌ಗಳನ್ನು ಕಲಸಿ. ಗುರುತಿರುವುದು ಮಾತ್ರ ಮತ್ತೆ ಮತ್ತೆ ನಿಧಾನವಾದರೆ ಅನುಮಾನಕ್ಕೆ ಆಧಾರವಿದೆ.

ವೈಫೈ ಆರಿಸಿ, ಒಂದೇ ಜಾಗದಲ್ಲಿ ಕೂತು, ಬೆಳಿಗ್ಗೆಯೂ ರಾತ್ರಿ 9ಕ್ಕೂ ಹಲವು ದಿನ ಅಳೆಯಿರಿ. ರಾತ್ರಿ ಎರಡೂ ಒಟ್ಟಿಗೆ ಇಳಿದರೆ ಅದು ಟವರ್ ದಟ್ಟಣೆ. ದೂರು ಮೊದಲು ಕಂಪನಿಯ ದೂರು ಕೇಂದ್ರಕ್ಕೆ, ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ಬಗೆಹರಿಸುವುದಿಲ್ಲ. ದೂರಿನಲ್ಲಿ ದಿನಾಂಕ, ಗಂಟೆ, ಜಾಗ, ಎರಡೂ ಅಳತೆಗಳ ಎಂಬಿಪಿಎಸ್ ಬರೆದಿರಲಿ.