“ಮನೀಗೆ ಕರ್ಕೊಂಡು ಹೋಗ್ರಿ” ಅಂದ್ರೆ ಕೈಬಿಟ್ಟಂಗ ಏನ್ರಿ?

ಪ್ರಶ್ನೆ: ನಮ್ಮವ್ವಗ ಹೊಟ್ಟೆ ಕ್ಯಾನ್ಸರ್. ಮಿರಜ್, ಹುಬ್ಬಳ್ಳಿ ಎರಡೂ ಕಡೆ ತೋರಿಸೇವಿ. ಈಗ ಡಾಕ್ಟ್ರು “ಇನ್ನ ಕೀಮೋ ಬ್ಯಾಡ, ಹಾಸ್ಪಿಸ್ ಆರೈಕೆ ಸಾಕು, ಮನೀಗೆ ಕರ್ಕೊಂಡು ಹೋಗ್ರಿ” ಅಂದಾರ. ಕೈಬಿಟ್ಟಂಗ ಅಲ್ಲೇನ್ರಿ? (ಜಮಖಂಡಿಯ ಓದುಗರೊಬ್ಬರು)

ಅಲ್ಲ. ಆದರೆ ಎರಡು ನಿಮಿಷದಲ್ಲಿ ಹೇಳಿ ಮುಂದಿನ ಪೇಷಂಟ್ ಕರೆದರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ, ಅಲ್ವಾ?

ನಿಂತದ್ದು ಗಡ್ಡೆಗೆ ಕೊಡುತ್ತಿದ್ದ ಔಷಧಿ. ನೋವು, ವಾಂತಿ, ಉಬ್ಬಸ, ನಿದ್ದೆಗೇಡು, ಬೆನ್ನಿನ ಹುಣ್ಣು, ಇವಕ್ಕೆಲ್ಲ ಚಿಕಿತ್ಸೆ ಇನ್ನೂ ಇದೆ. ಇದನ್ನು ಪ್ಯಾಲಿಯೇಟಿವ್ ಕೇರ್ ಅಂತಾರೆ. ನಿಜ ಹೇಳಬೇಕೆಂದರೆ ಕೀಮೋ ಜೊತೆಗೇ ಇದು ಶುರುವಾಗಬೇಕು. 2010ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆ ಸಿಕ್ಕ ಶ್ವಾಸಕೋಶ ಕ್ಯಾನ್ಸರ್ ರೋಗಿಗಳು ಉಳಿದವರಿಗಿಂತ ಎರಡು ತಿಂಗಳಿಗೂ ಜಾಸ್ತಿ ಬದುಕಿದ್ದರು. ಗುಣವಾಗುವ ದಾರಿ ಮುಗಿದ ಮೇಲೆ ಬರುವ ಕೊನೆಯ ಹಂತದ ಆರೈಕೆಯೇ ಹಾಸ್ಪಿಸ್.

1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಡಾಕ್ಟರಮ್ಮ ಇದಕ್ಕೆಂದೇ ಒಂದು ಮನೆ ಕಟ್ಟಿಸಿದರು. ನಮ್ಮ ದೇಶದಲ್ಲಿ ಮೊದಲನೆಯದು 1986ರಲ್ಲಿ ಮುಂಬೈನಲ್ಲಿ ಆಯಿತು. ಬೆಂಗಳೂರಿನ ಕರುಣಾಶ್ರಯ ಎಂಬ ಹಾಸ್ಪಿಸ್‌ನಲ್ಲಿ ದುಡ್ಡು ತಗೊಳ್ಳೋದಿಲ್ಲ. ಆದರೆ ಜಮಖಂಡಿಯಿಂದ ಅದು ಒಂದಿಡೀ ರಾತ್ರಿಯ ದಾರಿ. ಹಾಗಾಗಿ ನಿಮ್ಮ ಪಡಸಾಲೆಯೇ ಹಾಸ್ಪಿಸ್ ಆಗಬೇಕಾದೀತು.

ಮೊದಲು ನೋವಿನ ಮಾತು. ಜೋರು ನೋವಿಗೆ ಕೊಡುವ ಮಾರ್ಫಿನ್ ಅಂದ ಕೂಡಲೇ ಮನೆಯವರು “ಅಫೀಮು ಕೊಡ್ತೀರೇನ್ರಿ, ಜೀವಾ ಹೋಗ್ತೈತಿ” ಅಂತ ಗಾಬರಿಯಾಗುತ್ತಾರೆ. ನೋವಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ಹೋದರೆ ಅದರಿಂದ ಜೀವ ಹೋಗುವುದಿಲ್ಲ. ಮಾರ್ಫಿನ್‌ನ ಸಾಮಾನ್ಯ ಗುಳಿಗೆ ಕೆಲಸ ಮಾಡೋದು ನಾಲ್ಕು ತಾಸು. ಆಮೇಲೆ ಮತ್ತೆ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬೇಡಿ, ಟೈಮಿಗೆ ಕೊಡಿ. ಗೋಡೆಯ ಕ್ಯಾಲೆಂಡರಿನಲ್ಲೇ ಹೊತ್ತು ಬರೆದು ಗುರುತು ಹಾಕುತ್ತಾ ಹೋಗಿ. ಮೊದಲೆರಡು ದಿನ ತೂಕಡಿಕೆ, ವಾಕರಿಕೆ ಇರಬಹುದು, ಆಮೇಲೆ ಇಳಿಯುತ್ತೆ. ಮಲಬದ್ಧತೆ ಮಾತ್ರ ಇಳಿಯೋದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲ ಮಾಡುವ ಔಷಧಿ ಕೇಳಿ ತಗೊಳ್ಳಿ. 2014ರಲ್ಲಿ ಕಾನೂನು ಸಡಿಲವಾದರೂ ಮಾರ್ಫಿನ್ ಎಲ್ಲ ಅಂಗಡಿಯಲ್ಲೂ ಸಿಗೋದಿಲ್ಲ. ಅನುಮತಿ ಇರುವ ಆಸ್ಪತ್ರೆಯಿಂದಲೇ ತರಬೇಕು.

ಇನ್ನು ಊಟ. ನೋಡಲು ಬಂದವರೆಲ್ಲ ಒಂದೊಂದು ಎಳನೀರು ಹಿಡಿದು “ಏನರೆ ತಿನ್ಸ್ರಿ, ತಾಕತ್ತ ಬರ್ತೈತಿ” ಅನ್ನುತ್ತಾರೆ. ಕೊನೆಯ ದಿನಗಳಲ್ಲಿ ದೇಹಕ್ಕೇ ಅನ್ನ ಬೇಡವಾಗುತ್ತೆ. ಉಪವಾಸ ಕೆಡವಿದಿರಿ ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮುಧೋಳದ ನಮ್ಮ ಸೋದರತ್ತೆಗೆ ನಾವೇ ಹಟ ಮಾಡಿ ಸಲೈನ್ ಹಚ್ಚಿಸಿದ್ದೆವು. ನೀರು ತುಂಬಿ ಕೈ ಬಾತು, ಹಸಿರು ಬಳೆ ಚರ್ಮಕ್ಕೆ ಒತ್ತತೊಡಗಿದವು. ಬಳೆ ಒಡೆಯಲು ಅವಳು ಬಿಡಲಿಲ್ಲ. ಸಲೈನನ್ನೇ ತೆಗೆಸಿದೆವು. ಆಮೇಲೆ ಅವಳು ಕೇಳಿದ್ದು ಒಂದು ಚಮಚ ಮಜ್ಜಿಗೆ, ಅಷ್ಟೇ. ಕೇಳಿದಾಗ ಒಂದೆರಡು ಗುಟುಕು ಕೊಡಿ. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುತ್ತಿರಿ. ಆದರೆ ನಿಮ್ಮವ್ವನದು ಹೊಟ್ಟೆಯ ರೋಗ. ಪದೇ ಪದೇ ವಾಂತಿಯಾದರೆ ಸುಮ್ನೆ ಕೂರಬೇಡಿ, ಅದಕ್ಕೂ ಔಷಧಿ ಇದೆ.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ಹುಣ್ಣಾಗಿದೆಯಾ ನೋಡಿ.

“ಅವ್ವಗ ಹೇಳಬ್ಯಾಡ್ರಿ” ಅನ್ನೋದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ನನಗೇನೋ ಅವ್ವಗಳಿಗೆ ನಮಗಿಂತ ಮೊದಲೇ ಗೊತ್ತಿರುತ್ತೆ ಅನ್ನಿಸುತ್ತೆ. “ಏನು ಬೇಕು, ಯಾರನ್ನ ಕರೆಸಲಿ?” ಅಂತ ಕೇಳಿ ನೋಡಿ. ಮತ್ತೆ ಐಸಿಯುಗೆ ಹಾಕೋದು ಬೇಡ ಅಂತ ಅವರೇ ಹೇಳಿದರೆ ಅದಕ್ಕೂ ಬೆಲೆಯಿದೆ. ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ.

ಡಿಸ್ಚಾರ್ಜಿಗೆ ಮುಂಚೆ ಡಾಕ್ಟರಿಗೆ ಇಷ್ಟು ಕೇಳಿ: ನಡುರಾತ್ರಿ ನೋವು ಎದ್ದರೆ ಯಾವ ಗುಳಿಗೆ, ಎಷ್ಟು, ಯಾರಿಗೆ ಫೋನ್ ಮಾಡಬೇಕು? ಚೀಟಿಯಲ್ಲಿ ಬರೆಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್ ಇದೆಯಾ ಅಂತ ವಿಚಾರಿಸಿ, ಓಣಿಯ ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಮತ್ತೆ ಮಾರ್ಫಿನ್ ಗುಳಿಗೆ ಶುಕ್ರವಾರವೇ ಎಣಿಸಿ ನೋಡಿ. ರವಿವಾರ ಮುಗಿದರೆ ಸೋಮವಾರದವರೆಗೆ ಕಾಯೋದು ಅವ್ವ.