ಕೃತಿಚೌರ್ಯಕ್ಕೆ ಪರ್ಸೆಂಟ್ ಇಲ್ಲ

"ನನ್ನ ಥೀಸಿಸ್‌ನಲ್ಲಿ ಬರೀ 8% ಕೃತಿಚೌರ್ಯ, ಪಾಸ್!" ಎಂದು ಮೊನ್ನೆ ಒಬ್ಬರು ಖುಷಿಯಿಂದ ಹೇಳಿದರು. ನೂರರಲ್ಲಿ ಎಂಟು ಭಾಗ ಕದ್ದಿದ್ದೇನೆ ಅಂತ ಯಾರಾದರೂ ಸ್ವೀಟ್ ಹಂಚುತ್ತಾರಾ? ಅದು ಸಾಫ್ಟ್‌ವೇರ್ ಕೊಟ್ಟ ಹೋಲಿಕೆಯ ಲೆಕ್ಕ, ಅಂದರೆ ಬೇರೆ ಕಡೆ ಇರುವ ಬರಹದ ಜೊತೆ ಎಷ್ಟು ಪದಗಳು ತಾಳೆಯಾದವು ಅನ್ನುವುದು, ಅಷ್ಟೇ.

ತಪ್ಪು ಪೂರ್ತಿ ಅವರದ್ದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮವೇ ಹೋಲಿಕೆ, ಕೃತಿಚೌರ್ಯ ಎರಡನ್ನೂ ಕಲಸಿಟ್ಟಿದೆ. ಇನ್ನೊಬ್ಬರ ಕೆಲಸವನ್ನೋ ವಿಚಾರವನ್ನೋ ತೆಗೆದುಕೊಂಡು ತನ್ನದೆಂದು ತೋರಿಸುವುದು ಎಂದು ವ್ಯಾಖ್ಯೆ ಸರಿಯಾಗಿಯೇ ಇದೆ. ಶಿಕ್ಷೆಗೆ ಬಂದಾಗ ಮಾತ್ರ ಹೋಲಿಕೆಯ ಅಳತೆಪಟ್ಟಿ ಹಿಡಿಯುತ್ತದೆ. 10% ತನಕ ದಂಡವಿಲ್ಲ, 60% ದಾಟಿದರೆ ಪಿಎಚ್‌ಡಿ ನೋಂದಣಿಯೇ ರದ್ದು. ಈಗ ನೋಡಿ: ಇಂಗ್ಲಿಷ್ ಲೇಖನವೊಂದನ್ನು ಇಡಿಯಾಗಿ ಕನ್ನಡಕ್ಕೆ ತಿರುಗಿಸಿ, ಮೂಲದ ಹೆಸರು ಬಿಟ್ಟು, ಅಧ್ಯಾಯ ಮಾಡಿದರೆ ಹೋಲಿಕೆ ಸೊನ್ನೆಯ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ಕದ್ದದ್ದು ಮಾತ್ರ ಪೂರ್ತಿ. ಇನ್ನೊಂದು ಕಡೆ, "ಈ ಅಧ್ಯಯನದ ಉದ್ದೇಶಗಳು ಈ ಕೆಳಗಿನಂತಿವೆ" ಎಂಬ ಸಾಲಿಗೂ ಸಾಫ್ಟ್‌ವೇರ್‌ನ ಕೆಂಪು ಬಣ್ಣ ಬಿದ್ದಿರುತ್ತದೆ. ಅದನ್ನು ಯಾರಿಂದ ಕದಿಯಬೇಕು?

ಪದದ ಹುಟ್ಟು ನೋಡಿದರೆ ಗೊಂದಲ ಬಿಡುತ್ತದೆ. ಕೃತಿಚೌರ್ಯಕ್ಕೆ ಇಂಗ್ಲಿಷಿನಲ್ಲಿರುವ ಪ್ಲೇಜಿಯರಿಸಂ ಪದದ ಹಿಂದಿರುವುದು ಲ್ಯಾಟಿನ್ನಿನ ಪ್ಲಾಜಿಯಾರಿಯುಸ್. ರೋಮಿನವರಿಗೆ ಹಾಗೆಂದರೆ ಮನುಷ್ಯರನ್ನು ಕದ್ದೊಯ್ಯುವವನು: ಸ್ವತಂತ್ರರನ್ನು ಹಿಡಿದು ಗುಲಾಮರೆಂದು ಮಾರುವವನು, ಬೇರೆಯವರ ಗುಲಾಮರನ್ನು ಹಾರಿಸಿಕೊಂಡು ಹೋಗುವವನು. ಒಂದನೆಯ ಶತಮಾನದ ಕವಿ ಮಾರ್ಷಿಯಲ್, ತಾನು ಬರೆದ ಪದ್ಯಗಳನ್ನು ತನ್ನವೆಂದು ಹೇಳಿಕೊಳ್ಳುತ್ತಿದ್ದ ಇನ್ನೊಬ್ಬನಿಗೆ ಈ ಬೈಗುಳ ಅಂಟಿಸಿದ. ಅವು ನಾನು ಬಿಡುಗಡೆ ಮಾಡಿ ಕಳಿಸಿದ ಗುಲಾಮರು, ಅವನು ಮತ್ತೆ ಹಿಡಿದಿಟ್ಟುಕೊಂಡಿದ್ದಾನೆ ಎನ್ನುವುದು ಅವನ ದೂರು. ನಮ್ಮ ಮಾತಲ್ಲಿ ಹತ್ತಿರದ ಪದ "ಮಕ್ಕಳ ಕಳ್ಳ". ನನಗೆ ಕೃತಿಚೌರ್ಯಕ್ಕಿಂತ ಇದೇ ಇಷ್ಟ. ಚೌರ್ಯ ಅಂದರೆ ಸರ, ಸ್ಕೂಟರ್ ನೆನಪಾಗುತ್ತವೆ. ಸ್ಕೂಟರ್ ಕದ್ದರೆ ಅದು ಮನೆ ಮುಂದೆ ಇರುವುದಿಲ್ಲ. ಲೇಖನ ಇದ್ದಲ್ಲೇ ಇರುತ್ತದೆ. ಅಳಿಸಿಹೋಗುವುದು ಹೆತ್ತವರ ಹೆಸರು.

ಈಗ ಎಐ ಕೈಲಿ ಬರೆಸಿ ಸುಮ್ನಿರುವುದಕ್ಕೂ ಕೃತಿಚೌರ್ಯ ಅನ್ನುವ ಪದವನ್ನೇ ಎಳೆದು ತರುತ್ತಿದ್ದಾರೆ. 2024ರಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ಒಂದು ಜರ್ನಲ್‌ನಲ್ಲಿ ಲಿಥಿಯಂ ಬ್ಯಾಟರಿ ಬಗ್ಗೆ ಲೇಖನ ಬಂತು. ಪೀಠಿಕೆಯ ಮೊದಲ ಸಾಲಿನ ಅರ್ಥ: "ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಹೀಗಿರಬಹುದು." ಲೇಖಕರು, ವಿಮರ್ಶಕರು, ಸಂಪಾದಕರು, ಯಾರ ಕಣ್ಣಿಗೂ ಬೀಳಲಿಲ್ಲ! ಆಮೇಲೆ ಅದನ್ನು ಹಿಂತೆಗೆದುಕೊಂಡರು. ಆ ಸಾಲಿನ ಮಟ್ಟಿಗೆ ಇಲ್ಲಿ ಯಾರ ಮಗುವನ್ನು ಕದ್ದಂತಾಯಿತು? ತಾನು ಹೆರದ್ದನ್ನು ಹೆತ್ತೆ ಅಂದದ್ದು ನಿಜ. ಆದರೆ ಅಳುತ್ತಾ ಹುಡುಕುವ ತಾಯಿ ಇಲ್ಲ. ಎಐ ಉಗುಳಿದ್ದರಲ್ಲಿ ಬೇರೆಯವರ ಸಾಲುಗಳೇ ನುಸುಳಿದ್ದರೆ ಅದು ಕೃತಿಚೌರ್ಯವೂ ಆಗುತ್ತದೆ, ಆ ಮಾತು ಬೇರೆ.

ಪ್ರಕಟಣಾ ನೀತಿಯ ಸಂಸ್ಥೆ ಕೋಪ್ 2023ರಲ್ಲೇ ಹೇಳಿದೆ: ಎಐ ಲೇಖಕ ಆಗಲಾರದು, ಏಕೆಂದರೆ ಅದು ಹೊಣೆ ಹೊರಲಾರದು. ಬಳಸಿದರೆ ಯಾವ ಉಪಕರಣ, ಹೇಗೆ ಬಳಸಿದ್ದು ಎಂದು ಲೇಖನದಲ್ಲೇ ತಿಳಿಸಬೇಕು. ಅಂದರೆ ಇಲ್ಲಿ ತಪ್ಪು ಮುಚ್ಚಿಟ್ಟದ್ದು. ಪರೀಕ್ಷೆಗೆ ತನ್ನ ಬದಲು ಬೇರೆಯವರನ್ನು ಕೂರಿಸಿದವನನ್ನು ನಾವು ಕಳ್ಳ ಅನ್ನುವುದಿಲ್ಲ ಅಲ್ವಾ? ಮೋಸಗಾರ ಅನ್ನುತ್ತೇವೆ.